ಡ್ರಾಯಿಂಗ್ ಮಾಸ್ತರಿಗೆ ಹಳಗನ್ನಡ ಯಾಕೆ?

"ಸರ್, ನೀವು ಡ್ರಾಯಿಂಗ್ ಮಾಸ್ತರಲ್ವಾ? ಹಳಗನ್ನಡ ಪಾಠ ಹೇಗೆ ಮಾಡ್ತೀರಿ? ಈ ಕೆಲಸಕ್ಕೆ ಹೇಗೆ ಬಂದಿರಿ?" ಪಾಲಕರ ಸಭೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ನಿಂತ ನಿಲುವಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಮೊದಲು ಬೋರ್ಡ್ ಬರೆಯುತ್ತಿದ್ದೆ. ಗದಗದಲ್ಲಿ ಚಿತ್ರಕಲೆ ಕಲಿತು ಬಾಗಲಕೋಟೆಗೆ ಬಂದು ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಗೋಡೆ ಜಾಹೀರಾತು, ಸಿಕ್ಕಿದ್ದೆಲ್ಲ ಬರೆದೆ. ಪುಡಿ ಹಚ್ಚಿದ ದಾರ ಎಳೆದು ಗೆರೆ ಹೊಡೆಯುವುದು, ಬಣ್ಣ ಸೋರದಂತೆ ಬ್ರಷ್ ತಿರುಗಿಸುವುದು, 'ಶ್ರೀ' ಎಷ್ಟು ದುಂಡಗಿದ್ದರೆ ಚೆಂದ ಅನ್ನೋದು, ಎಲ್ಲ ಕೈಗೆ ಹತ್ತಿದ್ದು ಅಲ್ಲಿ. ಆಮೇಲೆ ಫ್ಲೆಕ್ಸ್ ಬಂತು, ಕೆಲಸ ಕಡಿಮೆಯಾಯಿತು. ಒಂದು ಶಾಲೆಯ ಗೋಡೆಗೆ ನಕ್ಷೆ, ವಚನ ಬರೆಯಲು ಹೋದಾಗ ಮಕ್ಕಳು ಸುತ್ತ ಮುತ್ತಿಕೊಂಡರು. ಅವರ ಕೈಗೂ ಬ್ರಷ್ ಕೊಟ್ಟೆ. ಅದನ್ನು ನೋಡಿದ ಹೆಡ್ ಮಾಸ್ತರು, "ನೀವು ಇಲ್ಲೇ ಕಲಿಸ್ರಿ" ಅಂದರು.

ಹಳಗನ್ನಡ ಹಿಡಿದದ್ದು ಪಟ್ಟದಕಲ್ಲಿನಲ್ಲಿ. ಸ್ಕೆಚ್ ಮಾಡಿಸಲು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ 8ನೇ ಶತಮಾನದ ಪಾಪನಾಥ ಗುಡಿಯ ಹೊರಗೋಡೆಯಲ್ಲಿ ರಾಮಾಯಣದ ಕಥೆ ಕೆತ್ತಿದ್ದಾರೆ. ಅಲ್ಲಲ್ಲಿ ಮೂರ್ತಿಯ ಪಕ್ಕದಲ್ಲೇ ಅದು ಯಾರು ಅಂತ ಹಳೆಯ ಲಿಪಿಯಲ್ಲಿ ಬರೆದಿದ್ದಾರೆ. ಶಿಲ್ಪಿಗಳ ಹೆಸರೂ ಇದೆ: ಬಲದೇವ, ರೇವಡಿ ಓವಜ್ಜ. ಬೋರ್ಡಿನ ಮೂಲೆಯಲ್ಲಿ ನಾವು ಹೆಸರು ಹಾಕುವ ಹಾಗೆಯೇ! "ಏನು ಬರೆದಾರ್ರೀ ಸರ್?" ಅಂತ ಮಕ್ಕಳು ಕೇಳಿದರು. ನನಗೆ ಓದಲು ಬರುತ್ತಿರಲಿಲ್ಲ. ಚಿತ್ರವೂ ಅಕ್ಷರವೂ ಒಂದೇ ಕಲ್ಲಿನ ಮೇಲಿರುವಾಗ ಅರ್ಧ ಮಾತ್ರ ನೋಡಿ ಬರುವುದು ಸರಿ ಅನಿಸಲಿಲ್ಲ. ಕೆಲಸ ಮಾಡುತ್ತಲೇ ಕನ್ನಡ ಎಂ.ಎ. ಕಟ್ಟಿದೆ, ಬಿ.ಎಡ್. ಮುಗಿಸಿದೆ. ಕನ್ನಡ ಮಾಸ್ತರು ನಿವೃತ್ತರಾದಾಗ ಆ ತರಗತಿಗಳೂ ನನಗೆ ಬಂದವು.

ಹೇಗೆ ಕಲಿಸುತ್ತೇನೆ ಅಂದರೆ, ರನ್ನನ ಪದ್ಯವನ್ನೇ ನೋಡಿ. ರನ್ನ ನಮ್ಮ ಮುಧೋಳದವನು. ಅವನ 'ಗದಾಯುದ್ಧ'ದಲ್ಲಿ, ಸಂಧಿ ಮಾಡಿಕೋ ಅಂದ ಭೀಷ್ಮನಿಗೆ ದುರ್ಯೋಧನ ಹೇಳುತ್ತಾನೆ: ನಾನು ಹೋರಾಡುವುದು ನೆಲಕ್ಕಲ್ಲ, ಛಲಕ್ಕೆ. 'ದಿನಪಸುತನಂ ಕೊಲಿಸಿದ ನೆಲ'ದ ಜೊತೆ ಮತ್ತೆ ಬಾಳುವೆನೇ? ದಿನಪಸುತ ಅಂದರೆ ಸೂರ್ಯನ ಮಗ, ಕರ್ಣ. ಇಷ್ಟು ಹೇಳಿ, ಈ ಸಾಲಿನ ಚಿತ್ರ ಬರೆಯಿರಿ ಅಂದೆ. ಹುಡುಗರೆಲ್ಲ ಗದೆ, ಮೀಸೆ, ಕಿರೀಟ ಬರೆದರು. ಒಬ್ಬ ಹುಡುಗಿ ಮಾತ್ರ ಹಾಳೆಯ ತುಂಬ ಬರೀ ಮಣ್ಣು ಬರೆದು, ಅದರಲ್ಲಿ ಅರ್ಧ ಹೂತ ಒಂದು ರಥದ ಚಕ್ರ ಇಟ್ಟಿದ್ದಳು. "ನೆಲಾನೇ ಗಾಲಿ ಹಿಡ್ಕೊಂಡಿತ್ತಲ್ರೀ ಸರ್. ಅದಕ್ಕ ಆಂವಗ ನೆಲದ ಮ್ಯಾಲೆ ಸಿಟ್ಟು."

ಹೌದಲ್ವಾ! ಕೊಂದವನು ಅರ್ಜುನ, ಆದರೆ ದುರ್ಯೋಧನ ಬೈಯುವುದು ನೆಲವನ್ನು. ಎಂ.ಎ. ಓದುವಾಗ ಈ ಪದ್ಯವನ್ನು ಎಷ್ಟೋ ಸಲ ಓದಿದ್ದೆ. ಆ ಚಕ್ರ ಕಾಣಿಸಿದ್ದು ಅವಳ ಪೆನ್ಸಿಲ್ಲಿನಿಂದ. ಅವತ್ತಿನಿಂದ ಪದ್ಯದ ಅರ್ಥವನ್ನು ಬೋರ್ಡಿನ ಮೇಲೆ ಮೊದಲೇ ಬರೆದುಕೊಡುವುದನ್ನು ಬಿಟ್ಟಿದ್ದೇನೆ. ಮೊದಲು ಚಿತ್ರ, ಆಮೇಲೆ ಅರ್ಥ. ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಈ ದಾರಿಗೆ ಬರಬೇಕು ಅನ್ನುವ ಹುಡುಗ ಹುಡುಗಿಯರೂ ಕೇಳುತ್ತಾರೆ. ಹೈಸ್ಕೂಲಿನಲ್ಲಿರುವಾಗಲೇ ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆ ಕಟ್ಟಿ. ಚಿತ್ರಕಲಾ ಶಿಕ್ಷಕರ ಹುದ್ದೆಗಳು ಕಡಿಮೆ, ಹಾಗಾಗಿ ಇನ್ನೊಂದು ವಿಷಯದ ಡಿಗ್ರಿಯೂ ಇರಲಿ. ಪರೀಕ್ಷೆ ಹತ್ತಿರ ಬಂದರೆ ಎಷ್ಟೋ ಶಾಲೆಗಳಲ್ಲಿ ಡ್ರಾಯಿಂಗ್ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ನೀವು ಮಾಸ್ತರಾದರೆ ಆ ಪೀರಿಯಡ್ಡು ಬಿಟ್ಟುಕೊಡಬೇಡಿ.