ಬ್ರಾಕೆಟ್ಟಿನೊಳಗಿನ ಅರ್ಧ ಸಾಲು

ಅಕ್ಕನ ಮಗಳು ಈ ಸಲ ಸೆಕೆಂಡ್ ಪಿಯುಸಿ. ಮೊನ್ನೆ ಭಾನುವಾರ ಅವರ ಮನೆಗೆ ಹೋದಾಗ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಬಯಾಲಜಿ ಬಾಯಿಪಾಠ ಮಾಡುತ್ತಿದ್ದಳು. ಬ್ಯಾಕ್ಟೀರಿಯಾದಲ್ಲಿ 23ಎಸ್ ಆರ್‌ಆರ್‌ಎನ್‌ಎನೇ ಕಿಣ್ವ, ಅದೇ ರೈಬೋಜೈಮ್. ಅಂದ್ರೆ, ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ಅನ್ನೋ ಯಂತ್ರದಲ್ಲಿ ಪೋಣಿಸುವ ಕೆಲಸ ನಡೆಸೋದು ಅದರ ದೊಡ್ಡ ಭಾಗದ ಆರ್‌ಎನ್‌ಎ, ಪ್ರೋಟೀನ್ ಅಲ್ಲ. ಪುಸ್ತಕ ಇಸ್ಕೊಂಡು ನೋಡಿದೆ. ಪೂರ್ತಿ ಒಂದು ಸಾಲೂ ಇಲ್ಲ. ಬ್ರಾಕೆಟ್ಟಿನೊಳಗೆ ಅರ್ಧ ಸಾಲು, ಅಷ್ಟೇ.

"ಮಾಮ, ಇದು ಒಂದು ಮಾರ್ಕಿಂದು. ಕಥೆ ಶುರು ಮಾಡ್ಬೇಡ" ಅಂದಳು. ನನ್ನನ್ನು ಚೆನ್ನಾಗಿ ಬಲ್ಲವಳು. ಅದಕ್ಕೇ ಕಥೆಯನ್ನು ಇಲ್ಲಿ ಶುರು ಮಾಡುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಆರು ವರ್ಷ ಆರ್‌ಎನ್‌ಎ ಜೊತೆ ಏಗಿದವನು. ಏಗೋದು ಅನ್ನೋದೇ ಸರಿಯಾದ ಪದ. ಗ್ಲೌಸ್ ಹಾಕದ ಬೆರಳು ಟ್ಯೂಬಿನ ಬಾಯಿಗೆ ತಾಗಿದರೆ ಸಾಕು, ಚರ್ಮದ ಮೇಲಿರುವ ಆರ್‌ಎನ್‌ಏಸ್ ಕಿಣ್ವ ಮೂರು ದಿನದ ಕೆಲಸವನ್ನು ತಿಂದು ಹಾಕುತ್ತದೆ. ಜೆಲ್‌ನಲ್ಲಿ ಎರಡು ಚೊಕ್ಕ ಗೆರೆ ಕಾಣಬೇಕಾದ ಕಡೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ಹಾಗೆ ಬರೀ ಮಸುಕು.

ಆರ್‌ಎನ್‌ಎಯಿಂದ ಪ್ರೋಟೀನ್ ತೆಗೆಯೋಕೆ ನಾವು ಬಳಸುತ್ತಿದ್ದದ್ದು ಫೀನಾಲ್. ಟ್ಯೂಬಿಗೆ ಹಾಕಿ, ಕುಲುಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ನೀರು, ಕೆಳಗೆ ಫೀನಾಲ್, ನಡುವೆ ಹಾಲಿನ ಕೆನೆಯಂಥ ಬಿಳಿ ಪದರ. ಆ ಕೆನೆಯೇ ಪ್ರೋಟೀನ್. ಅದನ್ನು ಕದಡದೆ ಮೇಲಿನ ನೀರನ್ನು ಮಾತ್ರ ಪಿಪೆಟ್ಟಿನಲ್ಲಿ ಎಳೆದುಕೊಳ್ಳಬೇಕು. ಆರ್‌ಎನ್‌ಎ ಇರೋದು ಅಲ್ಲಿ. ಒಂದು ಸಲ ಒಂದು ಹನಿ ಮಣಿಕಟ್ಟಿಗೆ ಬಿತ್ತು. ಉರಿಯಲೇ ಇಲ್ಲ! ಫೀನಾಲ್ ಸುಡುವ ಜೊತೆಗೆ ಮರಗಟ್ಟಿಸಿಯೂ ಬಿಡುತ್ತದೆ. ನೋಡುವ ಹೊತ್ತಿಗೆ ಚರ್ಮ ಬೆಳ್ಳಗಾಗಿತ್ತು. ಕಲೆ ಈಗಲೂ ಇದೆ, ವಾಚಿನ ಪಟ್ಟಿಯ ಕೆಳಗೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಆ ಅರ್ಧ ಸಾಲಿನ ಹಿಂದೆ ಇರೋದೂ ಇದೇ ಕುಲುಕಾಟ. ಕುಲುಕಿಸಿದವರು ಕ್ಯಾಲಿಫೋರ್ನಿಯಾದ ಹ್ಯಾರಿ ನೋಲರ್. 1968ರಲ್ಲಿ ಸಾಂಟಾ ಕ್ರೂಜ್‌ನ ವಿಶ್ವವಿದ್ಯಾಲಯಕ್ಕೆ ಸೇರಿದವರು. ಅವರು ಕಲಿತದ್ದು ಪ್ರೋಟೀನ್ ಕೆಮಿಸ್ಟ್ರಿ. ಆಗ ಹೆಚ್ಚಿನವರ ನಂಬಿಕೆ ಒಂದೇ: ರೈಬೋಸೋಮ್‌ನಲ್ಲಿ ಕೆಲಸ ಮಾಡೋದು ಪ್ರೋಟೀನ್‌ಗಳು, ಆರ್‌ಎನ್‌ಎ ಏನಿದ್ದರೂ ಚಪ್ಪರದ ಗಳ. ಬ್ಯಾಕ್ಟೀರಿಯಾದ ರೈಬೋಸೋಮ್‌ನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಆರ್‌ಎನ್‌ಎ. ಒಂದು ಚಪ್ಪರಕ್ಕೆ ಅಷ್ಟೊಂದು ಗಳ ಯಾಕೆ ಅಂತ ಕೇಳಿದವರು ಕಡಿಮೆ.

1972ರಲ್ಲಿ ನೋಲರ್ ಕೀಥಾಕ್ಸಾಲ್ ಅನ್ನೋ ರಾಸಾಯನಿಕ ಹಾಕಿ ನೋಡಿದರು. ಅದು ಆರ್‌ಎನ್‌ಎ ಸರದ ನಾಲ್ಕು ಬಗೆಯ ಅಕ್ಷರಗಳಲ್ಲಿ ಒಂದಾದ ಜಿಗೆ ಹೋಗಿ ಅಂಟಿಕೊಳ್ಳುತ್ತದೆ. ಕೆಲವೇ ಕೆಲವು ಜಿಗಳಿಗೆ ಅಂಟಿದ್ದಕ್ಕೇ ರೈಬೋಸೋಮ್‌ನ ಚಿಕ್ಕ ಭಾಗ, ಪ್ರೋಟೀನಿನ ಮಣಿಗಳಾದ ಅಮೈನೋ ಆಮ್ಲಗಳನ್ನು ಹೊತ್ತು ತರುವ ಟಿಆರ್‌ಎನ್‌ಎಯನ್ನು ಹಿಡಿಯೋದನ್ನೇ ಬಿಟ್ಟಿತು. ಟಿಆರ್‌ಎನ್‌ಎಯನ್ನು ಮೊದಲೇ ಕೂರಿಸಿ ಆಮೇಲೆ ಕೀಥಾಕ್ಸಾಲ್ ಹಾಕಿದರೆ ಕೆಲಸ ಕೆಡಲಿಲ್ಲ. ಸುಮ್ನೆ ನಿಂತ ಗಳ ಹೀಗೆ ಮಾಡುತ್ತದಾ? ಆದರೂ ಜಾಸ್ತಿ ಜನ ತಲೆ ಕೆಡಿಸಿಕೊಳ್ಳಲಿಲ್ಲ.

ಮುಂದೆ ಆ ಚಿಕ್ಕ ಭಾಗದ 16ಎಸ್ ಆರ್‌ಎನ್‌ಎಯ 1,500 ಚಿಲ್ಲರೆ ಅಕ್ಷರಗಳನ್ನು ಓದಿದ್ದು, ಅದರ ಮಡಿಕೆಗಳನ್ನು ಹುಡುಕಿದ್ದು, ಹೀಗೇ ವರ್ಷಗಳು ಹೋದವು.

ಫೀನಾಲ್ ಬಂದದ್ದು 1992ರಲ್ಲಿ. ಈ ಸಲ ತೆಗೆದುಕೊಂಡದ್ದು ಥರ್ಮಸ್ ಅಕ್ವಾಟಿಕಸ್‌ನ ರೈಬೋಸೋಮ್. ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಅದು, ಡಿಎನ್‌ಎಯ ಪ್ರತಿಗಳನ್ನು ತೆಗೆಯುವ ಪಿಸಿಆರ್ ಮಾಡಿದವರಿಗೆ 'ಟ್ಯಾಕ್' ಹೆಸರಲ್ಲಿ ಗೊತ್ತು. ಮೊದಲು ಸೋಪಿನ ಜಾತಿಯ ಎಸ್‌ಡಿಎಸ್, ಪ್ರೋಟೀನನ್ನು ಕೊಚ್ಚಿ ಹಾಕುವ ಪ್ರೋಟೀನೇಸ್ ಕೆ, ಆಮೇಲೆ ಜೋರಾಗಿ ಫೀನಾಲ್. ನನ್ನಂಥವನ ಲೆಕ್ಕದಲ್ಲಿ ಪ್ರೋಟೀನ್ ಕಥೆ ಅಲ್ಲಿಗೆ ಮುಗಿಯಿತು. ಆದರೆ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸುವ ಕೆಲಸ ಶೇ. 80ಕ್ಕಿಂತ ಹೆಚ್ಚು ಉಳಿದೇ ಇತ್ತು! ಆರ್‌ಎನ್‌ಎ ಕತ್ತರಿಸುವ ಕಿಣ್ವ ಹಾಕಿದರೆ ಮಾತ್ರ ನಿಂತುಹೋಯಿತು.

ನನಗೆ ತುಂಬಾ ಇಷ್ಟ ಆ ಪೇಪರಿನ ತಲೆಬರಹ. ಆರ್‌ಎನ್‌ಎನೇ ಕಿಣ್ವ ಅಂತ ಅದರಲ್ಲಿಲ್ಲ. ಪ್ರೋಟೀನ್ ತೆಗೆಯುವ ವಿಧಾನಗಳಿಗೆ ಈ ಪೋಣಿಸುವ ಕಿಣ್ವದ ಕೆಲಸ ಅಷ್ಟು ಸುಲಭಕ್ಕೆ ಜಗ್ಗುತ್ತಿಲ್ಲ ಅನ್ನೋ ಅರ್ಥದ ಮಾತು, ಅಷ್ಟೇ. ಯಾಕಂದ್ರೆ ಏನೇ ಕುಲುಕಿದರೂ ಒಂಚೂರು ಪ್ರೋಟೀನ್ ಅಂಟಿಕೊಂಡೇ ಉಳಿದಿತ್ತು. ನಾನಾಗಿದ್ದರೆ ಅದೇ ಸಂಜೆ ಊರಿಗೆಲ್ಲ ಫೋನ್ ಮಾಡುತ್ತಿದ್ದೆ.

2009ರಲ್ಲಿ ರೈಬೋಸೋಮ್‌ಗೆ ನೊಬೆಲ್ ಬಂದಾಗ ಹೆಸರು ಮೂರು: ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್, ಅಡಾ ಯೋನಾತ್. ಮೂರಕ್ಕಿಂತ ಹೆಚ್ಚು ಜನಕ್ಕೆ ಹಂಚೋ ಹಾಗಿಲ್ಲ. ಮೂವರೂ ಯೋಗ್ಯರೇ, ಆದರೂ ನನಗೆ ಅವತ್ತು ಊಟ ಸೇರಲಿಲ್ಲ. ನೋಲರ್‌ಗೆ ಬ್ರೇಕ್‌ಥ್ರೂ ಬಹುಮಾನ ಬಂತು, 2017ರಲ್ಲಿ. ಅಂದ ಹಾಗೆ ಅವರು ಜಾಜ್ ಸ್ಯಾಕ್ಸೊಫೋನ್ ನುಡಿಸುವವರು ಕೂಡ.

ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಹೇಗೋ ಮಾಡಿ ಇಷ್ಟನ್ನೂ ಹೇಳಿಯೇ ಬಿಟ್ಟೆ. ಅವಳು ಸಾರನ್ನ ಕಲಸುತ್ತಾ ಕೇಳುತ್ತಿದ್ದಳು.

"ಆ ಉಳಿದಿದ್ದ ಪ್ರೋಟೀನೇ ಪೋಣಿಸ್ತಾ ಇರಬಹುದಲ್ವಾ ಮಾಮ?"

ಎಂಟು ವರ್ಷ ಎಲ್ಲರೂ ಕೇಳಿದ ಪ್ರಶ್ನೆ ಅದು. 2000ದಲ್ಲಿ ಯೇಲ್‌ನಲ್ಲಿ ಸ್ಟೈಟ್ಜ್ ಮತ್ತು ಪೀಟರ್ ಮೂರ್ ಅವರ ತಂಡಗಳು ಮೃತ ಸಮುದ್ರದ ಒಂದು ಸೂಕ್ಷ್ಮಜೀವಿಯ ರೈಬೋಸೋಮ್‌ನ ದೊಡ್ಡ ಭಾಗವನ್ನು ಪರಮಾಣು ಮಟ್ಟದಲ್ಲಿ ನೋಡಿದವು. ಪೋಣಿಸುವ ಜಾಗದ ಸುತ್ತ ಸುಮಾರು 18 ಆಂಗ್‌ಸ್ಟ್ರಾಮ್‌ವರೆಗೆ (ಒಂದು ಆಂಗ್‌ಸ್ಟ್ರಾಮ್ ಅಂದ್ರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು) ಎಲ್ಲಾ ಆರ್‌ಎನ್‌ಎ.

"ಒಂದೂ ಪ್ರೋಟೀನ್ ಇಲ್ವಾ?"

"ಒಂದೂ ಇಲ್ಲ."