ಗಂಗಿಗೆ ಮೂರು ತಿಂಗಳು: ಮುಧೋಳದ ಮರಿಯ ಪಾಠ

2024 ಡಿಸೆಂಬರ್ 8, ಭಾನುವಾರ

ನನ್ನ ಮುಧೋಳ ತಳಿಯ ನಾಯಿಮರಿ ಗಂಗಿಗೆ ಮೂರು ತಿಂಗಳು ತುಂಬಿತು. ನಾಳೆ ರೇಬಿಸ್ ಲಸಿಕೆ ಹಾಕಿಸಬೇಕು. ಮುಧೋಳದ ಮರಿಯನ್ನು ತರಬೇಕೆಂದಿರುವ ಗೆಳೆಯರು ಕೇಳುತ್ತಲೇ ಇರುವುದರಿಂದ, ಆಯ್ಕೆ ಮತ್ತು ಪಾಠದ ವಿಚಾರವನ್ನು ಇಂದು ಬರೆದಿಡುತ್ತಿದ್ದೇನೆ.

ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಈ ತಳಿಯನ್ನು ಸಾಕುತ್ತ ಬಂದ ಮನೆಗಳೂ ಇವೆ. ಗಂಗಿ ಬಂದದ್ದು ಅಂಥದೊಂದು ರೈತರ ಮನೆಯಿಂದ. ಮರಿಗಳಿದ್ದ ಕೊಟ್ಟಿಗೆಯತ್ತ ನಾನು ನಡೆಯುತ್ತಿದ್ದಂತೆ ಮನೆಯ ಯಜಮಾನರು ತಡೆದು, "ಮೊದಲ ತಾಯಿನ್ನ ನೋಡ್ರಿ ಸರ, ಕುನ್ನಿ ಆಮ್ಯಾಲ ನೋಡುವ್ರಂತ" ಎಂದರು. ಅವರ ಮಾತು ಸರಿಯಾಗಿತ್ತು. ಎದೆಗೂಡು ಆಳವಾಗಿ, ಹೊಟ್ಟೆ ಮೇಲಕ್ಕೆ ಸೆಳೆದುಕೊಂಡು, ಪಕ್ಕೆಲುಬು ತುಸುವೇ ಕಾಣುವ ಮೈಕಟ್ಟು ಈ ತಳಿಗೆ ಸಹಜವಾದದ್ದು, ಅದನ್ನು ಉಪವಾಸದ ಲಕ್ಷಣವೆಂದು ತಿಳಿಯಬಾರದು. ಅಪರಿಚಿತರಿಂದ ತಾಯಿ ದೂರ ನಿಲ್ಲುವುದೂ ಸಹಜವೇ. ಆದರೆ ಯಜಮಾನರು ಪಕ್ಕದಲ್ಲಿದ್ದಾಗಲೂ ನಡುಗುವ ಅಥವಾ ಕಚ್ಚಲು ಬರುವ ತಾಯಿಯ ಮರಿಯನ್ನು ನಾನು ತರುತ್ತಿರಲಿಲ್ಲ.

ಮರಿಗಳಲ್ಲಿ ಹಲ್ಲಿನ ಸಾಲು ಕೂಡುತ್ತದೆಯೇ, ಹೊಕ್ಕುಳಲ್ಲಿ ಗಂಟಿದೆಯೇ, ನಡೆಯುವಾಗ ಕಾಲು ನೇರವಾಗಿ ಬೀಳುತ್ತದೆಯೇ ಎಂದು ನೋಡಿದೆ. ಬಣ್ಣಕ್ಕೆ ಬೆಲೆ ಕಟ್ಟುವುದು ವ್ಯರ್ಥ. ದಾರಕ್ಕೆ ಕಟ್ಟಿದ ಬಟ್ಟೆಯ ತುಂಡನ್ನು ನೆಲದ ಮೇಲೆ ಎಳೆದಾಗ ಎಲ್ಲ ಮರಿಗಳೂ ಬೆನ್ನಟ್ಟಿದವು; ಬಟ್ಟೆ ನಿಂತ ಮೇಲೆ ತಲೆಯೆತ್ತಿ ಮನುಷ್ಯನ ಮುಖ ನೋಡಿದ್ದು ಗಂಗಿಯೊಂದೇ. ನನಗೆ ಬೇಕಿದ್ದದ್ದು ಆ ನೋಟ.

ಏಕೆಂದರೆ ಇದು ಮೂಸಿ ಹುಡುಕುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನಾದರೂ ಓಡಿದ್ದು ಕಣ್ಣಿಗೆ ಬಿದ್ದೊಡನೆ ಕಾಲು ತಾನಾಗಿ ಹೊರಡುತ್ತದೆ, ಆಮೇಲೆ ಕೂಗಿದ್ದು ಕಿವಿಗೆ ಬೀಳುವುದಿಲ್ಲ. ಆದ್ದರಿಂದ ಓಟದ ಬಲ ಬರುವ ಮೊದಲೇ ಕರೆದರೆ ಹಿಂತಿರುಗುವ ಅಭ್ಯಾಸ ಬೇರೂರಬೇಕು. ಹೆಸರು ಕರೆದು ಒಂದು ಸೀಟಿ ಊದುತ್ತೇನೆ. ಬಂದರೆ ಬೇಯಿಸಿದ ಮೊಟ್ಟೆಯ ಚೂರು. ಬೈಯಲೆಂದು ಎಂದೂ ಹತ್ತಿರ ಕರೆಯುವುದಿಲ್ಲ. ಬಟ್ಟೆಯ ಆಟದಲ್ಲೂ ಮೊದಲು ಕರೆಗೆ ಓಗೊಟ್ಟು ಬರಬೇಕು, ಅದರ ಬಹುಮಾನವಾಗಿ ಬೆನ್ನಟ್ಟುವ ಸರದಿ. ಹೊಲದಲ್ಲಿ ಉದ್ದದ ಹಗ್ಗ ಬಿಚ್ಚುವುದಿಲ್ಲ. ಈ ನಾಯಿಗಳು ಹೇಳಿದ ಮಾತು ಕೇಳುವುದಿಲ್ಲವೆಂಬ ದೂರನ್ನು ನಾನು ಒಪ್ಪುವುದಿಲ್ಲ: 2016ರಲ್ಲಿ ಭಾರತೀಯ ಸೇನೆ ಮುಧೋಳದ ಮರಿಗಳನ್ನು ಮೀರತ್ತಿನ ತನ್ನ ಕೇಂದ್ರಕ್ಕೆ ತರಬೇತಿಗೆ ಒಯ್ದಿತ್ತು. ಲ್ಯಾಬ್ರಡಾರಿಗೆ ಕಲಿಸುವಂತೆ ಒಂದೇ ಆಜ್ಞೆಯನ್ನು ಮತ್ತೆ ಮತ್ತೆ ಹೇಳಿಸಿಕೊಂಡರೆ ಇವು ಬೇಸರಗೊಳ್ಳುತ್ತವೆ, ಹೊಡೆದರಂತೂ ವಿಶ್ವಾಸವನ್ನೇ ಕಳೆದುಕೊಳ್ಳುತ್ತವೆ. ಪಾಠ ಚಿಕ್ಕದಾಗಿ, ಮರಿಗೆ ಇನ್ನೂ ಬೇಕೆನ್ನಿಸುವಾಗಲೇ ಮುಗಿಯಬೇಕು.

ಬೇಟೆಯ ತಳಿಗೆ ಬೇಟೆ ಕಲಿಸುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮೊಲವನ್ನು ಬೇಟೆಯಾಡಿಸುವುದೂ ಅಪರಾಧ. ಇನ್ನೊಂದು ಮಾತೂ ಇದೆ: ಇದೇ ಮುಧೋಳ, ಬೀಳಗಿ ಸೀಮೆಯ ಯಡಹಳ್ಳಿಯಲ್ಲಿ ಚಿಂಕಾರಗಳೆಂಬ ಸಣ್ಣ ಹುಲ್ಲೆಗಳಿಗಾಗಿಯೇ 2016ರಲ್ಲಿ ವನ್ಯಧಾಮ ಘೋಷಣೆಯಾಯಿತು. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಉಡುಗೊರೆಯಾಗಿ ಕೊಟ್ಟ ತಳಿಯ ಮರಿ, ಆ ಚಿಂಕಾರಗಳನ್ನು ಕಂಡೂ ಸೀಟಿಗೆ ಹಿಂತಿರುಗುವಂತಾದರೆ ಅದಕ್ಕಿಂತ ದೊಡ್ಡ ವಿದ್ಯೆಯನ್ನು ನಾನು ಅದರಿಂದ ಬಯಸುವುದಿಲ್ಲ.

ದೇಹದ ಕಾಳಜಿಯಲ್ಲಿ ಮುಖ್ಯವಾದವು ಕೆಲವೇ. ವರ್ಷ ತುಂಬುವವರೆಗೆ ಬೈಕಿನ ಹಿಂದೆ ಓಡಿಸುವಂಥ ಕೆಲಸ ಮಾಡಬಾರದು, ಬೆಳೆಯುವ ಮೂಳೆಗೆ ಅದು ಪೆಟ್ಟು. ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಆದ್ದರಿಂದ ಈ ಚಳಿಗೆ ಗೋಣಿಚೀಲದ ಹಾಸಿಗೆ, ಜಾಲಿಮುಳ್ಳಿನ ದಾರಿಯಿಂದ ದೂರ. ಮುಂದೆ ಶಸ್ತ್ರಚಿಕಿತ್ಸೆ ಮಾಡಿಸುವುದಾದರೆ ಇದು ಮುಧೋಳದ ತಳಿಯೆಂದು ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಕೆಲವು ಅರಿವಳಿಕೆ ಔಷಧಗಳು ಇಂಥ ನಾಯಿಗಳ ಮೈಯಿಂದ ಬೇಗ ಇಳಿಯುವುದಿಲ್ಲ.

ಲಸಿಕೆಯ ನಂತರ ಒಂದೆರಡು ದಿನ ಪಾಠಕ್ಕೆ ಬಿಡುವು. ಆಮೇಲೆ ಪಕ್ಕದ ಹೊಲದಲ್ಲಿ ಬೀಡುಬಿಟ್ಟಿರುವ ಕುರಿಹಿಂಡಿನ ಬಳಿ ಹಗ್ಗ ಹಿಡಿದು ಸುಮ್ಮನೆ ಕೂರಿಸುವ ಅಭ್ಯಾಸ, ಕುರಿಗಾಹಿಗಳು ಒಪ್ಪಿದ್ದಾರೆ.