ಪೆಡ್ರೋ ಕೆಡಿಸಿದ ಭಾನುವಾರ

2025ರ ಮೇ 18, ಭಾನುವಾರ. ಆವತ್ತು ಬೆಳಗ್ಗೆಯಿಂದಲೇ ಮಿಲಾನ್‌ನ ಫುಟ್‌ಬಾಲ್ ಕ್ಲಬ್ ಇಂಟರ್‌ನ ಅಭಿಮಾನಿಗಳು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಇಟಲಿಯ ಲೀಗ್ ಮುಗಿಯಲು ಎರಡೇ ಸುತ್ತು ಬಾಕಿ. ನಾಪೋಲಿಗೆ 78 ಪಾಯಿಂಟ್, ಇಂಟರ್‌ಗೆ 77. ಆ ರಾತ್ರಿ ನಾಪೋಲಿ ಪಾರ್ಮಾಕ್ಕೆ ಹೋಗಿ ಆಡಬೇಕು, ಇಂಟರ್ ತನ್ನದೇ ಅಂಗಳ ಸ್ಯಾನ್ ಸಿರೋದಲ್ಲಿ ಲಾಜಿಯೋ ವಿರುದ್ಧ. ಎರಡೂ ಪಂದ್ಯ ಒಂದೇ ಹೊತ್ತಿಗೆ ಶುರು, 8.45ಕ್ಕೆ. ಅಲ್ಲೇನಾಯ್ತು ಅಂತ ನೋಡಿಕೊಂಡು ಇಲ್ಲಿ ಲೆಕ್ಕ ಹಾಕಿ ಆಡಬಾರದು ಅಂತ ಕೊನೆಯ ಸುತ್ತುಗಳಲ್ಲಿ ಹೀಗೆ ಇಡುತ್ತಾರೆ.

ನನಗೆ ಟಿಕೆಟ್ ಸಿಕ್ಕಿದ್ದು ಆಫೀಸಿನ ಸಹೋದ್ಯೋಗಿಯೊಬ್ಬರ ಕಡೆಯಿಂದ. ಅವರಿಗೂ ಅವರ ಹೆಂಡತಿಗೂ ಸೀಸನ್ ಟಿಕೆಟ್ ಇದೆ. ಆದರೆ ಅದೇ ದಿನ ಮನೆಯಲ್ಲಿ ಮದುವೆ. ಆ ದಿನವೇ ಮದುವೆ ಇಟ್ಟುಕೊಂಡ ತಂಗಿ ಮಗಳನ್ನು ಅವರು ಇನ್ನೂ ಕ್ಷಮಿಸಿಲ್ಲ ಅಂತ ಕಾಣುತ್ತೆ. ಎರಡನೇ ಟಿಕೆಟ್‌ಗೆ ನಾನು ಕರೆದದ್ದು ನಮ್ಮ ಪಕ್ಕದ ಬೀದಿಯಲ್ಲಿರುವ ಮೈಸೂರಿನ ಹುಡುಗನನ್ನು. ಇಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಇಂಗ್ಲೆಂಡ್ ಲೀಗ್ ನೋಡಿಕೊಂಡೇ ಬೆಳೆದವನು, ಹಾಗಾಗಿ ಇಟಲಿಯ ಫುಟ್‌ಬಾಲ್ ಅಂದರೆ ಅವನಿಗೆ ಒಂಥರಾ ತಾತ್ಸಾರ.

ಇಲ್ಲಿ ಟಿಕೆಟ್ ಮೇಲೆ ಹೆಸರು ಇರುತ್ತೆ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಬೇಕು. ನಮ್ಮಿಬ್ಬರ ಉದ್ದುದ್ದ ಹೆಸರನ್ನು ಅಕ್ಷರ ಅಕ್ಷರ ತಾಳೆ ನೋಡುವಾಗ ಗೇಟಿನವನು ಎರಡು ಸಲ ನಿಟ್ಟುಸಿರು ಬಿಟ್ಟ. ಹಿಂದೆ ಸಾಲು ಬೆಳೆಯಿತು. ಆಮೇಲೆ ಆ ಸಿಲಿಂಡರಿನಂಥ ಗೋಪುರಗಳನ್ನು ಸುತ್ತಿಕೊಂಡು ಮೇಲೇರುವ ಇಳಿಜಾರು ದಾರಿ. ಹತ್ತಿ ಹತ್ತಿ ಮೂರನೇ ಮಹಡಿ. ಸ್ಯಾನ್ ಸಿರೋ ಹತ್ತುವಾಗಲೇ ನನ್ನ ಮೊಣಕಾಲು ವಯಸ್ಸು ಹೇಳುತ್ತೆ. ನಾನು ಹುಟ್ಟಿದ್ದು 1987ರಲ್ಲಿ. ಲಾಜಿಯೋದ ಪೆಡ್ರೋ ಹುಟ್ಟಿದ್ದೂ ಅದೇ ವರ್ಷ. ಅವನು ಹುಲ್ಲಿನ ಮೇಲೆ ಓಡುತ್ತಿದ್ದ, ನಾನು ಏದುಸಿರು ಬಿಡುತ್ತಾ ಕುರ್ಚಿ ಹುಡುಕುತ್ತಿದ್ದೆ.

ಹುಡುಗ ಮೊಬೈಲ್‌ನಲ್ಲಿ ಇಂಟರ್ ತಂಡದ ಪಟ್ಟಿ ನೋಡುತ್ತಿದ್ದವನು ನಕ್ಕ. ‘ಅಕ್ಕಾ, ಗೋಲ್‌ಕೀಪರ್ ಸೊಮ್ಮರ್‌ಗೆ 36, ಮ್ಖಿತಾರ್ಯಾನ್‌ಗೆ 36, ಅಚೆರ್ಬಿಗೆ 37, ದಾರ್ಮಿಯಾನ್‌ಗೆ 35. ಇದೇನು ತಂಡವೋ ವೃದ್ಧಾಶ್ರಮವೋ?’

‘ಹನ್ನೆರಡು ದಿನದ ಹಿಂದೆ ಇದೇ ವೃದ್ಧಾಶ್ರಮ ಬಾರ್ಸಿಲೋನಾನ ಮನೆಗೆ ಕಳಿಸಿತಲ್ಲೋ’ ಅಂದೆ.

ಅದು ಮೇ 6ರ ಮಾತು. ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಇದೇ ಅಂಗಳ. ಇಂಟರ್ 2–3ರಿಂದ ಹಿಂದೆ. 90 ನಿಮಿಷ ಮುಗಿದು ಇಂಜುರಿ ಟೈಮೂ ಕರಗುತ್ತಿತ್ತು. ಆಗ ಹಿಂದೆ ನಿಂತು ಗೋಲು ಕಾಯಬೇಕಾದ ಡಿಫೆಂಡರ್ ಅಚೆರ್ಬಿ ತನ್ನ ಜಾಗ ಬಿಟ್ಟು ಎದುರಾಳಿ ಗೋಲಿನ ಮುಂದೆ ಹೋಗಿ ನಿಂತ. ಡಮ್‌ಫ್ರೀಸ್ ಬಲಗಡೆಯಿಂದ ಚೆಂಡು ಕೊಟ್ಟ. ಎಡಗಾಲಿನ ಆಟಗಾರ ಅಚೆರ್ಬಿ ಬಲಗಾಲಿನಲ್ಲಿ ಹೊಡೆದು ಬಲೆಯ ಚಾವಣಿಗೆ ಸೇರಿಸಿದ. ಎರಡು ಸಲ ಕ್ಯಾನ್ಸರ್ ಗೆದ್ದು ಬಂದ ಮನುಷ್ಯ. ಅಲ್ಲಿಂದ ಪಂದ್ಯ ಎಕ್ಸ್‌ಟ್ರಾ ಟೈಮಿಗೆ ಹೋಗಿ, ಫ್ರಾತೇಸಿ ಗೋಲಿನಿಂದ 4–3, ಎರಡೂ ಪಂದ್ಯ ಸೇರಿ 7–6. ಆವತ್ತು ನಾನು ಮನೆಯಲ್ಲಿ ಟಿವಿ ಮುಂದೆ ಇದ್ದೆ. ಕೆಳಗಿನ ಮನೆಯವರು ಕೂಗಿದ ಕೂಗಿಗೆ ನಮ್ಮ ನೆಲ ಅದುರಿತ್ತು.

ಭಾನುವಾರದ ಪಂದ್ಯದ ಮೊದಲರ್ಧ ಬಿಗಿ ಬಿಗಿ. ಅದರ ಕೊನೆಗೆ ಬಿಸೆಕ್ ಗೋಲು ಹಾಕಿದ. ಪಾರ್ಮಾದಲ್ಲಿ ಇನ್ನೂ 0–0. ಅಂದರೆ ಆ ಕ್ಷಣಕ್ಕೆ ಪಟ್ಟಿಯಲ್ಲಿ ಇಂಟರ್ ಮೊದಲು! ಸುತ್ತ ಗೊತ್ತಿಲ್ಲದವರೆಲ್ಲ ಗೊತ್ತಿಲ್ಲದವರನ್ನು ತಬ್ಬಿಕೊಂಡರು. ನನ್ನ ಪಕ್ಕದ ಹಿರಿಯರು ಮಾತ್ರ ಅಲುಗಾಡಲಿಲ್ಲ. ಎಪ್ಪತ್ತು ದಾಟಿರಬೇಕು. ಒಂದು ಕಿವಿಯಲ್ಲಿ ರೇಡಿಯೋದ ವೈರು, ಪಾರ್ಮಾ ಕಾಮೆಂಟರಿ. 1960ರಿಂದ ಇಟಲಿಯ ರೇಡಿಯೋ ಒಂದೇ ಹೊತ್ತಿಗೆ ನಡೆಯುವ ಪಂದ್ಯಗಳನ್ನು ಅಂಗಳದಿಂದ ಅಂಗಳಕ್ಕೆ ಜಿಗಿಯುತ್ತಾ ಬಿತ್ತರಿಸುತ್ತಿದೆ. ಮೊಬೈಲ್ ಬಂದ ಮೇಲೂ ಆ ಅಭ್ಯಾಸ ಬಿಡದವರು ಇದ್ದಾರೆ. ಅವರು ಪುಟ್ಟ ಪ್ಲಾಸ್ಟಿಕ್ ಬಾಟಲಿಯ ಕಾಫಿ ಮದ್ಯವನ್ನು ಒಂದೇ ಗುಟುಕಿಗೆ ಕುಡಿದು, ಇನ್ನೂ 45 ನಿಮಿಷ ಇದೆ ಅಂತ ಇಟಾಲಿಯನ್‌ನಲ್ಲಿ ಗೊಣಗಿದರು.

ಇಂಟರ್‌ವಲ್‌ನಲ್ಲಿ ಹುಡುಗ ಮತ್ತೆ ಶುರು ಮಾಡಿದ. ಮುದುಕರು ಇಲ್ಲಿ ಮಿಂಚೋದಕ್ಕೆ ಲೀಗ್ ನಿಧಾನ ಇರೋದೇ ಕಾರಣ ಅಂತ. ಈ ಮಾತು ನಾನು ಸಾಕಷ್ಟು ಸಲ ಕೇಳಿದ್ದೇನೆ. ಪೂರ್ತಿ ಸುಳ್ಳಲ್ಲ. ಆದರೆ ನಿಧಾನ ಅಂದಮಾತ್ರಕ್ಕೆ ಸುಲಭ ಅಂತ ಅಲ್ಲ. ಇಲ್ಲಿ ಡಿಫೆಂಡರ್‌ಗಳು ಜಾಗವನ್ನೇ ಕೊಡುವುದಿಲ್ಲ. ಓಡಲು ಜಾಗವಿಲ್ಲದ ಕಡೆ ಬರೀ ವೇಗ ಇಟ್ಟುಕೊಂಡು ಏನು ಮಾಡೋದು? ಎಲ್ಲಿ ನಿಲ್ಲಬೇಕು, ಯಾವಾಗ ಅರ್ಧ ಹೆಜ್ಜೆ ಹಿಂದೆ ಸರಿಯಬೇಕು ಅಂತ ಗೊತ್ತಿರಬೇಕು. ಅದು ಇಪ್ಪತ್ತರಲ್ಲಿ ಬರೋದು ಕಷ್ಟ.

ಲೂಕಾ ಟೋನಿ ನೋಡಿ. 2014–15ರಲ್ಲಿ ವೆರೋನಾ ಅನ್ನೋ ಮಧ್ಯಮ ತಂಡದಲ್ಲಿ 22 ಗೋಲು. ಇಕಾರ್ಡಿ ಜತೆ ಸಮವಾಗಿ ಲೀಗಿನಲ್ಲೇ ಅತಿ ಹೆಚ್ಚು. ಆಗ ಅವನಿಗೆ 38. ಇಕಾರ್ಡಿ ಇನ್ನೂ ಇಪ್ಪತ್ತೆರಡರ ಹುಡುಗ. ರೊಡ್ರಿಗೋ ಪಲಾಸಿಯೋ 39ರಲ್ಲಿ ಬೊಲೋನ್ಯ ಪರ ಫಿಯೊರೆಂಟಿನಾ ಮೇಲೆ ಹ್ಯಾಟ್ರಿಕ್ ಹೊಡೆದ. ಆದರೆ ನನಗೆ ಎಲ್ಲರಿಗಿಂತ ಇಷ್ಟ ಕ್ವಾಲಿಯರೆಲ್ಲಾ. ಜನವರಿಗೆ 36 ತುಂಬಿದ 2018–19ರ ಸೀಸನ್‌ನಲ್ಲಿ ಸ್ಯಾಂಪ್‌ಡೋರಿಯಾ ಪರ 26 ಗೋಲು. ಸತತ 11 ಪಂದ್ಯಗಳಲ್ಲಿ ಗೋಲು ಹೊಡೆದು ಬಾತಿಸ್ತೂತಾನ ಹಳೆಯ ದಾಖಲೆ ಸರಿಗಟ್ಟಿದ. ನಾಪೋಲಿ ಮೇಲೆ ಹಿಮ್ಮಡಿಯಿಂದ ಹಾಕಿದ ಆ ಗೋಲನ್ನು ನಾನು ಈಗಲೂ ಬೇಜಾರಾದಾಗ ಯೂಟ್ಯೂಬ್‌ನಲ್ಲಿ ನೋಡುತ್ತೇನೆ. ಆ ವರ್ಷ ಅವನನ್ನು ಮತ್ತೆ ಇಟಲಿ ತಂಡಕ್ಕೆ ಕರೆದರು. ಲಿಕ್ಟನ್‌ಸ್ಟೈನ್ ವಿರುದ್ಧ ಎರಡು ಪೆನಾಲ್ಟಿ ಹೊಡೆದು, ಇಟಲಿ ಪರ ಗೋಲು ಹಾಕಿದ ಅತಿ ಹಿರಿಯನಾದ.

ದುಡ್ಡಿನ ಕಾರಣವೂ ಇದೆ, ಅದನ್ನು ಮುಚ್ಚಿಡಬಾರದು. ಇಂಗ್ಲೆಂಡಿನ ಕ್ಲಬ್‌ಗಳ ಹತ್ತಿರ ಇರುವ ಟಿವಿ ಹಣ ಇಲ್ಲಿಲ್ಲ. ಇಪ್ಪತ್ತರ ಪ್ರತಿಭೆಗೆ ಅಷ್ಟು ದುಡ್ಡು ಸುರಿಯಲಾಗದವರು ಕರಾರು ಮುಗಿದು ಬಿಟ್ಟಿ ಸಿಗುವ ಮೂವತ್ತೆರಡರ ಆಟಗಾರನನ್ನು ತರುತ್ತಾರೆ. 2011ರಲ್ಲಿ ಇದೇ ಊರಿನ ಇನ್ನೊಂದು ಕ್ಲಬ್ ಎಸಿ ಮಿಲಾನ್ ಬಿಟ್ಟುಕೊಟ್ಟ ಪಿರ್ಲೋನನ್ನು ಯುವೆಂಟಸ್ ಹೀಗೇ ಪುಕ್ಕಟೆ ತಂದು ಸತತ ನಾಲ್ಕು ಲೀಗ್ ಗೆದ್ದಿತು. ಆ ವ್ಯಾಪಾರ ಮಾಡಿದ ಮರೋತ್ತಾ ಈಗ ಇಂಟರ್‌ನಲ್ಲಿದ್ದಾರೆ. ಮ್ಖಿತಾರ್ಯಾನ್ ಬಂದದ್ದೂ ಹಾಗೇ. ಜತೆಗೆ ಕೆಲವು ವರ್ಷ ಹೊರದೇಶದಿಂದ ಬಂದವರಿಗೆ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ ಇತ್ತು. 2024ರಿಂದ ಆಟಗಾರರಿಗೆ ಅದನ್ನು ನಿಲ್ಲಿಸಿದರು. ಹಾಗಾಗಿ ವಯಸ್ಸಾದವರನ್ನು ಗೌರವಿಸುವ ದೇಶ ಅಂತೆಲ್ಲ ಸುಮ್ನೆ ಹೊಗಳೋದು ಬೇಡ.

ದ್ವಿತೀಯಾರ್ಧದಲ್ಲಿ ಲಾಜಿಯೋ ಪೆಡ್ರೋನನ್ನು ಇಳಿಸಿತು. ಸ್ಯಾನ್ ಸಿರೋ ಶಿಳ್ಳೆ ಹೊಡೆಯಿತು. ‘ಬಾರ್ಸಾ ಪೆಡ್ರೋನಾ? ಇನ್ನೂ ಆಡ್ತಿದ್ದಾನಾ!’ ಅಂದ ಹುಡುಗ. ಅವನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಪೆಡ್ರೋ ಮೆಸ್ಸಿ ಪಕ್ಕದಲ್ಲಿ ಆಡುತ್ತಿದ್ದ. 2010ರ ವಿಶ್ವಕಪ್, 2012ರ ಯೂರೋ, ಬಾರ್ಸಿಲೋನಾದಲ್ಲಿ ಮೂರು ಚಾಂಪಿಯನ್ಸ್ ಲೀಗ್, ಚೆಲ್ಸಿಯಲ್ಲಿ ಪ್ರೀಮಿಯರ್ ಲೀಗ್, ಯುರೋಪಾ ಲೀಗ್. ಗೆಲ್ಲಬೇಕಾದ್ದು ಏನೂ ಉಳಿದಿರಲಿಲ್ಲ. ಆಮೇಲೆ ರೋಮಾಕ್ಕೆ ಬಂದ. ಒಂದು ವರ್ಷಕ್ಕೆ ಅದೇ ಊರಿನ ಬದ್ಧವೈರಿ ಲಾಜಿಯೋಗೆ ಹೋದ. 2021ರ ಮೇನಲ್ಲಿ ರೋಮಾ ಪರ ಲಾಜಿಯೋ ಮೇಲೆ ಗೋಲು, ಸೆಪ್ಟೆಂಬರ್‌ನಲ್ಲಿ ಲಾಜಿಯೋ ಪರ ರೋಮಾ ಮೇಲೆ ಗೋಲು. ರೋಮ್ ನಗರದಲ್ಲಿ ಇಷ್ಟು ಮಾಡಿ ನೆಮ್ಮದಿಯಾಗಿ ಓಡಾಡೋಕೆ ಧೈರ್ಯ ಬೇಕು.

ನಾನು ಅವನೊಬ್ಬನನ್ನೇ ನೋಡುತ್ತಾ ಕೂತೆ. ಟಿವಿಯಲ್ಲಿ ಇದು ಆಗೋದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತೆ. ಮೂರನೇ ಮಹಡಿಯಿಂದ ಇಡೀ ಹುಲ್ಲು ಕಾಣುತ್ತೆ. ಪೆಡ್ರೋ ಬಹಳ ಹೊತ್ತು ನಡೆಯುತ್ತಲೇ ಇದ್ದ. ನಡೆಯುತ್ತಾ ಹೆಗಲ ಮೇಲಿಂದ ಹಿಂದಕ್ಕೆ ನೋಡೋದು, ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನೋಡೋದು. ಸಿಟಿ ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಯಾವ ಸೀಟು ಖಾಲಿಯಾಗುತ್ತೆ ಅಂತ ಗೊತ್ತಿರುವ ಅಜ್ಜಿಯರು ಇರ್ತಾರಲ್ಲ, ಹಾಗೆ. ಚೆಂಡು ಬರುವ ಮೊದಲೇ ಆ ಜಾಗದ ಹತ್ತಿರ ನಿಂತಿರುತ್ತಿದ್ದ.

72ನೇ ನಿಮಿಷಕ್ಕೆ ಅವನ ಚೆಂಡು ಬಲೆಗೆ ಬಿತ್ತು. ಮೊದಲು ಆಫ್‌ಸೈಡ್ ಬಾವುಟ ಮೇಲೆದ್ದಿತು. ಸುತ್ತ ನಿಟ್ಟುಸಿರು. ಆಮೇಲೆ ವಿಎಆರ್, ಅಂದರೆ ವಿಡಿಯೋ ನೋಡಿ ತೀರ್ಪು ಪರಿಶೀಲಿಸೋದು. ಕಾದೆವು, ಕಾದೆವು. ಗೋಲು ಅಂತ ಆಯ್ತು. 1–1. ಪಕ್ಕದ ಹಿರಿಯರು ಕಿವಿಯ ವೈರನ್ನು ಕಿತ್ತು ಮಡಿಲಿಗೆ ಹಾಕಿಕೊಂಡರು. ಏಳು ನಿಮಿಷ ಕಳೆದು ಡಮ್‌ಫ್ರೀಸ್ ತಲೆಯಲ್ಲಿ ಹೊಡೆದ ಗೋಲಿಗೆ ಮತ್ತೆ 2–1. ಆಗ ಬಂದ ಶಬ್ದ ನಾನು ಯಾವತ್ತೂ ಕೇಳಿರದಂಥದ್ದು. ಕಾಂಕ್ರೀಟ್ ನಡುಗಿತು. ಹಿರಿಯರೂ ಈ ಸಲ ಎದ್ದು ನಿಂತರು, ನಮ್ಮ ಹುಡುಗನ ಕುತ್ತಿಗೆಗೆ ಕೈ ಹಾಕಿ ಅಲ್ಲಾಡಿಸಿದರು. ಪಾರ್ಮಾದಲ್ಲಿ ಇನ್ನೂ ಗೋಲಿಲ್ಲ. ಇನ್ನೇನು ಹತ್ತು ನಿಮಿಷ. ಆಮೇಲೆ ಉಳಿಯೋದು ಕೋಮೊ ವಿರುದ್ಧ ಒಂದೇ ಪಂದ್ಯ.

ಕೊನೆಗೆ ಬಿಸೆಕ್‌ನ ಕೈಗೆ ಚೆಂಡು ತಗಲಿತು. ರೆಫರಿ ಟಿವಿ ನೋಡಿ ಬಂದು ಪೆನಾಲ್ಟಿ ತೋರಿಸಿದ. 90ನೇ ನಿಮಿಷ. ಎಪ್ಪತ್ತು ಸಾವಿರ ಜನ ಒಟ್ಟಿಗೆ ಶಿಳ್ಳೆ ಹಾಕುತ್ತಿದ್ದಾರೆ, ಒಂದು ಸೀಸನ್ನಿನ ಕಪ್ ಆ ಚೆಂಡಿನ ಮೇಲಿದೆ. ಹೊಡೆಯಲು ಬಂದವನು ಪೆಡ್ರೋ. ಎದುರಿಗೆ ಸೊಮ್ಮರ್. ಇಬ್ಬರ ವಯಸ್ಸು ಸೇರಿದರೆ 73. ಹುಡುಗ ಅಂಥ ಹೊತ್ತಲ್ಲೂ ನನ್ನ ಕಿವಿಯಲ್ಲಿ ಅದನ್ನು ಹೇಳಿದ. ಪೆಡ್ರೋಗೆ ಮಾತ್ರ ಗಡಿಬಿಡಿಯೇ ಇರಲಿಲ್ಲ. ಗೋಲು. 2–2.

ಉಳಿದದ್ದು ಗೊಂದಲ. ಇಂಟರ್ ಕೋಚ್ ಇನ್ಝಾಗಿ ಕೂಗಾಡಿ ರೆಡ್ ಕಾರ್ಡ್ ತಿಂದರು. ಪಾರ್ಮಾದಲ್ಲಿ ನಾಪೋಲಿಯ ಕಾಂಟೆಗೂ ಅದೇ ಗತಿ. ಅಲ್ಲಿ ನಾಪೋಲಿಗೆ ಕೊನೆಗಳಿಗೆಯಲ್ಲಿ ಪೆನಾಲ್ಟಿ ಕೊಟ್ಟು, ವಿಎಆರ್ ನೋಡಿ ವಾಪಸ್ ತಗೊಂಡರಂತೆ. 0–0ಯಲ್ಲೇ ಮುಗಿಯಿತು. ಅಂದರೆ ಇಂಟರ್ ಗೆದ್ದಿದ್ದರೆ ಒಂದು ಪಾಯಿಂಟ್ ಮುಂದೆ ಇರುತ್ತಿತ್ತು. ಶುಕ್ರವಾರ ನಾಪೋಲಿ ಗೆದ್ದು 82–81ರಿಂದ ಲೀಗ್ ತನ್ನದಾಗಿಸಿಕೊಂಡಿತು.

ಇಳಿಜಾರು ಇಳಿಯುವಾಗ ಯಾರೂ ಜಾಸ್ತಿ ಮಾತಾಡಲಿಲ್ಲ. ಪಕ್ಕದ ಹಿರಿಯರಿಗೆ ಸಮಾಧಾನ ಹೇಳೋಣ ಅಂತ ಬಾಯಿ ತೆರೆದೆ. ಅವರೇ ತಡೆದು, ಪೆಡ್ರೋ ನಮ್ಮಲ್ಲಿ ಇರಬೇಕಿತ್ತು ಕಣಮ್ಮಾ ಅನ್ನೋ ಧಾಟಿಯಲ್ಲಿ ಒಂದು ಮಾತು ಹೇಳಿ ಬೆನ್ನು ತಟ್ಟಿ ಹೋದರು. ಮೆಟ್ರೋ ಸ್ಟೇಷನ್ ಮುಂದೆ ದೊಡ್ಡ ಸಾಲು. ಹುಡುಗ ಹಸಿವು ಅಂದ. ಗಾಡಿಯಲ್ಲಿ ಎಲ್ಲಾ ಹಂದಿ ಸಾಸೇಜ್ ಬ್ರೆಡ್ಡೇ. ನನಗೆ ಚೀಸ್ ಹಾಕಿದ ಪಿಯಾದಿನಾ ಸಿಕ್ಕಿತು. ಹೆಚ್ಚು ಕಡಿಮೆ ನಮ್ಮ ಚಪಾತಿಯೇ, ಬೆಲೆ ಮಾತ್ರ ಕೇಳಬೇಡಿ.

ತಮಾಷೆ ಅಂದರೆ ಇಷ್ಟೆಲ್ಲ ಮಾಡಿದ ಲಾಜಿಯೋಗೆ ಏನೂ ದಕ್ಕಲಿಲ್ಲ. ಕೊನೆಯ ಸುತ್ತಿನಲ್ಲಿ ಲೆಚ್ಚೆ ಎದುರು ತನ್ನೂರಲ್ಲೇ 0–1 ಸೋತು ಏಳನೇ ಸ್ಥಾನಕ್ಕೆ ಜಾರಿತು, ಯುರೋಪಿನ ಯಾವ ಟೂರ್ನಿಗೂ ಹೋಗಲಿಲ್ಲ. ಪೆಡ್ರೋನ ಆ ಎರಡು ಗೋಲಿನ ಪೂರ್ತಿ ಲಾಭ ನಾಪೋಲಿಗೆ. ಇನ್ನೊಂದು ಕಡೆ, ಇಂಟರ್ ಕೊನೆಯ ಪಂದ್ಯ ಆಡಿದ ಕೋಮೊದಲ್ಲಿ 42ರ ಗೋಲ್‌ಕೀಪರ್ ಪೆಪೆ ರೈನಾ ತನ್ನ ವಿದಾಯದ ಪಂದ್ಯದಲ್ಲೇ ರೆಡ್ ಕಾರ್ಡ್ ನೋಡಿ ಹೊರನಡೆದ. ಹಿರಿಯರಿಗೆಲ್ಲ ಹೂವಿನ ಹಾರವೇ ಸಿಗುತ್ತೆ ಅಂತಿಲ್ಲ.

ಮೇ 31ಕ್ಕೆ ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಪ್ಯಾರಿಸ್ ತಂಡ ಇಂಟರ್‌ಗೆ 5–0 ಬಾರಿಸಿತು. ಫೈನಲ್‌ಗಳ ಇತಿಹಾಸದಲ್ಲೇ ದೊಡ್ಡ ಸೋಲು. ಎರಡು ಗೋಲು ಹಾಕಿದ ದುವೇಗೂ 19, ಕೊನೆಯ ಗೋಲು ಹಾಕಿದ ಮಯೂಲುಗೂ 19. ಅರ್ಧ ಪಂದ್ಯಕ್ಕೇ ಹುಡುಗನ ಮೆಸೇಜ್ ಬಂತು: ‘ಅಕ್ಕಾ, ಈಗೇನಂತೀರಾ?’ ಆ ರಾತ್ರಿ ನಾನು ಉತ್ತರ ಕೊಡಲಿಲ್ಲ. ಇಪ್ಪತ್ತರ ಕಾಲುಗಳು ಅಷ್ಟು ಜೋರಾಗಿ ಮೇಲೆ ಬಿದ್ದರೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದೂ ಅಲ್ಲಿಗೆ ತಲುಪಲಾಗೋದಿಲ್ಲ. ಅಚೆರ್ಬಿಗೆ ಆವತ್ತು ಆದದ್ದು ಅದೇ. ಇಟಲಿಯ ಲೀಗಿನಲ್ಲಿ ಅಂಥ ಒತ್ತಡ ಹಾಕುವ ತಂಡಗಳು ಕಡಿಮೆ. ಈ ಮಟ್ಟಿಗೆ ಹುಡುಗನ ವಾದ ಸರಿ ಅಂತ ನಾನು ಒಪ್ಪುತ್ತೇನೆ, ಅವನ ಮುಂದೆ ಅಲ್ಲ.

ಅಷ್ಟಾದರೂ ಇಲ್ಲಿನವರು ಬದಲಾಗಲಿಲ್ಲ. ಆ ಬೇಸಿಗೆಯಲ್ಲೇ ಮಿಲಾನ್ ಕ್ಲಬ್ ಲೂಕಾ ಮೋಡ್ರಿಚ್‌ನನ್ನು ಕರೆತಂದಿತು. ಸೆಪ್ಟೆಂಬರ್ 9ಕ್ಕೆ ಅವನಿಗೆ 40. ಐದು ದಿನ ಬಿಟ್ಟು ಬೊಲೋನ್ಯ ವಿರುದ್ಧ 1–0, ಗೋಲು ಅವನದೇ. ಕ್ರೆಮೋನಾ ಊರಿನ ಸಣ್ಣ ಕ್ಲಬ್ ಕ್ರೆಮೊನೇಸೆಯವರು 38ರ ಜೇಮಿ ವಾರ್ಡಿಯನ್ನು ತಂದರು. ನಾನು ಹುಡುಗನಿಗೆ ಫೋನ್ ಮಾಡಿದೆ.

‘ಮೋಡ್ರಿಚ್ ಲೆಕ್ಕಕ್ಕಿಲ್ಲ ಅಕ್ಕಾ, ಅವನ ದಾರಿನೇ ಬೇರೆ’ ಅಂದ.

‘ಮತ್ತೆ ವಾರ್ಡಿ? ನಿಮ್ಮ ಇಂಗ್ಲೆಂಡಿನವನೇ.’

‘ಕ್ರೆಮೊನೇಸೆಗೆ ನಾನೂ ನೀವೂ ಆಡಬಹುದು ಬಿಡಿ.’

ಕ್ರೆಮೋನಾ ಇಲ್ಲಿಂದ ರೈಲಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಸಣ್ಣ ಸ್ಟೇಡಿಯಂ, ಹತ್ತಿರದಿಂದ ನೋಡಬಹುದು, ಮೂರು ಮಹಡಿ ಹತ್ತೋ ಕಷ್ಟವೂ ಇಲ್ಲ. ಹೋಗಿ ನೋಡಿಕೊಂಡು ಬಂದು ಜಗಳ ಆಡೋಣ ಅಂದೆ. ಪರೀಕ್ಷೆ ಮುಗೀಲಿ ಅಕ್ಕಾ, ಟಿಕೆಟ್ ನೀವೇ ತೆಗೀಬೇಕು ಅಂದ.